ಆಕಾಶ ತಿಳಿಯಾಗಿರುವಾಗಲೇ: ಕೆರಿಬಿಯನ್ ಹರಿಕೇನ್ ಋತುವಿನಲ್ಲಿ ಹಾಯಿದೋಣಿಯ ಬದುಕು

ಕೆರಿಬಿಯನ್ ಸಮುದ್ರದಲ್ಲಿ ಹಾಯಿದೋಣಿಯನ್ನೇ ಮನೆ ಮಾಡಿಕೊಂಡವರಿಗೆ ವರ್ಷವೆಂಬುದು ಎರಡು ಪಾಲು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಪೂರ್ವದ ವಾಣಿಜ್ಯ ಮಾರುತಗಳು ನೆಚ್ಚಿಕೊಳ್ಳುವಷ್ಟು ಸಮವಾಗಿ ಬೀಸುತ್ತವೆ. ಆಂಟಿಗುವಾದಿಂದ ಗ್ರೆನಡಾದವರೆಗೆ ಸಾಲಾಗಿ ನಿಂತಿರುವ ದ್ವೀಪಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬಹುತೇಕ ಹಗಲು ಬೆಳಕಿನಲ್ಲೇ ಹೋಗಿ ಸೇರಬಹುದು. ಜೂನ್ 1ರಿಂದ ನವೆಂಬರ್ 30ರವರೆಗಿನ ಇನ್ನೊಂದು ಪಾಲು ಹರಿಕೇನ್‌ಗಳ ಋತು. ಬಂಗಾಳ ಕೊಲ್ಲಿಯ ಚಂಡಮಾರುತವೂ ಅಟ್ಲಾಂಟಿಕ್‌ನ ಹರಿಕೇನ್ ಕೂಡ ಒಂದೇ ಬಗೆಯ ವಿದ್ಯಮಾನಗಳಾದ್ದರಿಂದ ಅದರ ಸ್ವರೂಪವನ್ನು ತಮಗೆ ಮೊದಲಿನಿಂದ ವಿವರಿಸಬೇಕಾಗಿಲ್ಲ. ಆದರೆ ಅದನ್ನು ದಡದ ಮೇಲಿನ ಮನೆಯಿಂದ ನೋಡುವುದಕ್ಕೂ ನೀರಿನ ಮೇಲೆಯೇ ತೇಲುವ ಮನೆಯಿಂದ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಇಂದಿನ ನನ್ನ ಮಾತೆಲ್ಲ ಆ ವ್ಯತ್ಯಾಸದ ಬಗ್ಗೆ.

ದೋಣಿಯಲ್ಲಿ ವಾಸಿಸುತ್ತೇವೆಂದು ಹೇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹರಿಕೇನ್ ಬಂದಾಗ ಏನು ಮಾಡುತ್ತೀರಿ? ಪ್ರಶ್ನೆ ಸಹಜವಾದದ್ದೇ. ಆದರೆ ಅದು ಬಂದಾಗ ಮಾಡಲು ಉಳಿದಿರುವುದು ಬಹಳ ಕಡಿಮೆ. ದೋಣಿ ಉಳಿಯುತ್ತದೆಯೋ ಇಲ್ಲವೋ ಎಂಬುದರ ಬಹುಪಾಲು ನಿರ್ಧಾರವಾಗುವುದು ಮೇ ತಿಂಗಳಲ್ಲಿ, ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರುವಾಗ, ನಕ್ಷೆಯನ್ನು ಮುಂದಿಟ್ಟುಕೊಂಡು ಈ ಆರು ತಿಂಗಳು ಎಲ್ಲಿರಬೇಕೆಂದು ಯೋಚಿಸುವ ದಿನ. ಉಳಿದದ್ದು ಬಿರುಗಾಳಿಗೆ ಎರಡು ಮೂರು ದಿನ ಮೊದಲು ನಿರ್ಧಾರವಾಗುತ್ತದೆ. ಆಗಲೂ ಸಮುದ್ರ ಶಾಂತವಾಗಿಯೇ ಕಾಣುತ್ತಿರುತ್ತದೆ. ಅಪಾಯ ಕಣ್ಣಿಗೆ ಬೀಳುವ ಮೊದಲೇ, ಬೇರೆಯವರಿಗೆ ಅತಿರೇಕವೆನ್ನಿಸುವ ಹೊತ್ತಿನಲ್ಲಿ, ತೀರ್ಮಾನ ತೆಗೆದುಕೊಳ್ಳುವುದನ್ನು ಕಲಿಯದವರಿಗೆ ಈ ಬದುಕು ಹೇಳಿಸಿದ್ದಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಯಾಕೆ ಹೀಗೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಹನ್ನೆರಡು ಮೀಟರ್ ಉದ್ದದ ಸಾಧಾರಣ ಹಾಯಿದೋಣಿ ಗಂಟೆಗೆ ಐದಾರು ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಸುಮಾರು 1.85 ಕಿಲೋಮೀಟರ್) ಸಾಗುತ್ತದೆ. ಹಗಲು ರಾತ್ರಿ ನಿಲ್ಲದೆ ನಡೆಸಿದರೆ ದಿನಕ್ಕೆ 120ರಿಂದ 140 ಮೈಲಿ. ಆಫ್ರಿಕಾದ ಕಡೆಯಿಂದ ಅಟ್ಲಾಂಟಿಕ್ ದಾಟಿ ಬರುವ ಹರಿಕೇನ್ ಹಲವು ಬಾರಿ ಗಂಟೆಗೆ 15 ಮೈಲಿಗೂ ಹೆಚ್ಚು ವೇಗದಲ್ಲಿ ಚಲಿಸುತ್ತದೆ, ಅಂದರೆ ದಿನಕ್ಕೆ 360 ಮೈಲಿ. ಅದೂ ನೇರ ಗೆರೆಯಲ್ಲಿ ಬರುವುದಿಲ್ಲ. ಇಂದು ನಿಮ್ಮ ಉತ್ತರಕ್ಕೆ ಹಾದುಹೋಗುತ್ತದೆಂದು ಎಣಿಸಿದ್ದು ನಾಳೆ ನಿಮ್ಮ ಮೇಲೆಯೇ ಬರಬಹುದು. ಅದರ ಮುಂದೆ ಓಡಿ ಪಾರಾಗುವ ಮಾತು ವೇಗದ ದೃಷ್ಟಿಯಿಂದಲೇ ನಿಲ್ಲುವುದಿಲ್ಲ. ಐದು ದಿನ ಮೊದಲೇ ಹೊರಟು ಅದರ ದಾರಿಗೆ ಅಡ್ಡವಾಗಿ, ಬಹುತೇಕ ದಕ್ಷಿಣಕ್ಕೆ, ಸರಿದುಬಿಡುವುದು ಸಾಧ್ಯ. ಎರಡು ದಿನವಷ್ಟೇ ಉಳಿದಿರುವಾಗ ಹೊರಟರೆ ಬಯಲು ಸಮುದ್ರದಲ್ಲಿಯೇ ಅದರ ಕೈಗೆ ಸಿಕ್ಕಿಬೀಳುವ ಸಂಭವ ಹೆಚ್ಚು.

ಈ ಬಿರುಗಾಳಿಗಳ ಹುಟ್ಟಿನ ಕಥೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಪಶ್ಚಿಮ ಆಫ್ರಿಕಾದ ಮೇಲಿನಿಂದ ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ವಾಯುಭಾರದ ಅಲೆ ಸಮುದ್ರಕ್ಕಿಳಿದು ಪಶ್ಚಿಮಕ್ಕೆ ಸಾಗುತ್ತದೆ. ಬಹುಪಾಲು ಅಲೆಗಳು ಮಳೆ ಸುರಿಸಿ, ಒಂದಿಷ್ಟು ಗಾಳಿ ಎಬ್ಬಿಸಿ ಹೋಗುತ್ತವೆ. ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದು, ಮೇಲಿನ ಪದರಗಳ ಗಾಳಿ ಅದನ್ನು ಚದುರಿಸದಿದ್ದರೆ ಕೆಲವು ಅಲೆಗಳು ಸುತ್ತತೊಡಗುತ್ತವೆ. ಗಾಳಿಯ ವೇಗ ಗಂಟೆಗೆ 63 ಕಿಲೋಮೀಟರ್ ತಲುಪಿದಾಗ ಅದಕ್ಕೊಂದು ಹೆಸರು ಸಿಗುತ್ತದೆ. 119 ದಾಟಿದರೆ ಹರಿಕೇನ್. 252 ದಾಟಿದರೆ ಎಲ್ಲಕ್ಕಿಂತ ಬಲವಾದ ಐದನೇ ದರ್ಜೆ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಇವುಗಳ ಭರಾಟೆ, ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅದರ ಶಿಖರ. ದ್ವೀಪಗಳಲ್ಲಿ ಈ ತಿಂಗಳುಗಳ ಬಗ್ಗೆ ಒಂದು ಹಳೆಯ ಪ್ರಾಸದ ಮಾತಿದೆ: ಜೂನ್ ಎಂದರೆ ಇನ್ನೂ ಬೇಗ, ಜುಲೈಯಲ್ಲಿ ಸಿದ್ಧವಾಗಿರು, ಆಗಸ್ಟ್‌ನಲ್ಲಿ ಕಣ್ಣಿಟ್ಟಿರು, ಸೆಪ್ಟೆಂಬರನ್ನು ನೆನಪಿಟ್ಟುಕೋ, ಅಕ್ಟೋಬರ್‌ಗೆ ಎಲ್ಲ ಮುಗಿಯಿತು. ತಲೆಮಾರುಗಳ ಅನುಭವದಿಂದ ಬಂದ ಮಾತು ಅದು, ನನಗೆ ಅದರ ಮೇಲೆ ಗೌರವವಿದೆ. ಆದರೂ 1999ರ ಲೆನಿ ನವೆಂಬರ್‌ನಲ್ಲಿ, ಅದೂ ವಾಡಿಕೆಗೆ ತದ್ವಿರುದ್ಧವಾಗಿ ಪಶ್ಚಿಮದಿಂದ ಪೂರ್ವಕ್ಕೆ, ಬಂತು. ದ್ವೀಪಗಳ ಪಶ್ಚಿಮ ಮಗ್ಗುಲಿನ ಕೊಲ್ಲಿಗಳು ವರ್ಷವಿಡೀ ಸುರಕ್ಷಿತವೆಂದು ನಂಬಿ ಲಂಗರು ಹಾಕಿದವರಿಗೆ ಅಲೆಗಳು ನೇರವಾಗಿ ಕೊಲ್ಲಿಯ ಬಾಯಿಯಿಂದಲೇ ನುಗ್ಗಿದವು. 2024ರ ಬೆರಿಲ್ ಜುಲೈ 1ರಂದೇ ಗ್ರೆನಡಾಕ್ಕೆ ಸೇರಿದ ಕ್ಯಾರಿಯಕೂ ದ್ವೀಪದ ಮೇಲೆ ನಾಲ್ಕನೇ ದರ್ಜೆಯ ಹರಿಕೇನ್ ಆಗಿ ಎರಗಿತು. ಮರುದಿನ ಐದನೇ ದರ್ಜೆಗೇರಿ, ಅಟ್ಲಾಂಟಿಕ್‌ನಲ್ಲಿ ವರ್ಷದ ಅಷ್ಟು ಬೇಗ ಆ ದರ್ಜೆ ಮುಟ್ಟಿದ ಮೊದಲನೆಯದೆಂದು ದಾಖಲಾಯಿತು.

ಈಗ ಎಲ್ಲಿರಬೇಕೆಂಬ ಪ್ರಶ್ನೆಗೆ ಬರೋಣ. ಸಮಭಾಜಕ ವೃತ್ತಕ್ಕೆ ತೀರ ಹತ್ತಿರದಲ್ಲಿ ಭೂಮಿಯ ತಿರುಗುವಿಕೆಯ ಪ್ರಭಾವ ಗಾಳಿಯನ್ನು ಸುತ್ತಿಸುವಷ್ಟು ಇರುವುದಿಲ್ಲವಾದ್ದರಿಂದ ದಕ್ಷಿಣಕ್ಕೆ ಹೋದಷ್ಟೂ ಅಪಾಯ ಕಡಿಮೆಯಾಗುತ್ತದೆ. ಹಾಗಾಗಿ ಮೇ ಕೊನೆಗೆ ದೋಣಿಗಳ ದೊಡ್ಡ ಗುಂಪು ಗ್ರೆನಡಾ ಮತ್ತು ಟ್ರಿನಿಡಾಡ್ ಕಡೆ ಇಳಿಯುತ್ತದೆ. ಕೆಲವರು ಪಶ್ಚಿಮಕ್ಕೆ ಸಾಗಿ ಬೊನೇರ್, ಕುರಾಸಾವ್ ಸೇರುತ್ತಾರೆ. ಇನ್ನು ಕೆಲವರು ಪನಾಮಾದ ಬೋಕಾಸ್ ದೆಲ್ ತೋರೊಗೆ. ಮತ್ತೆ ಕೆಲವರು ಗ್ವಾಟೆಮಾಲಾದ ರಿಯೊ ದುಲ್ಸೆ ನದಿಯೊಳಕ್ಕೆ. ಈ ನದಿಯದು ಕುತೂಹಲದ ವ್ಯವಸ್ಥೆ. ಲಿವಿಂಗ್‌ಸ್ಟನ್ ಊರಿನ ಬಳಿ ಅಳಿವೆಯಲ್ಲಿರುವ ಮರಳುದಿಬ್ಬದ ಮೇಲೆ ನೀರಿನ ಆಳ ಎಷ್ಟು ಕಡಿಮೆಯೆಂದರೆ, ಆಳವಾದ ಕೀಲ್ (ದೋಣಿಯ ತಳದಿಂದ ಕೆಳಗೆ ಚಾಚಿರುವ ಭಾರದ ಭಾಗ) ಇರುವ ದೋಣಿಗಳನ್ನು ಭರತದ ಹೊತ್ತಿಗೆ ಕಾದು, ಹಾಯಿಕಂಬದ ತುದಿಗೆ ಹಗ್ಗ ಕಟ್ಟಿ ಒಂದು ಮಗ್ಗುಲಿಗೆ ವಾಲಿಸಿ ಎಳೆದು ದಾಟಿಸಬೇಕಾಗುತ್ತದೆ. ಒಮ್ಮೆ ಒಳಗೆ ಸೇರಿ, ಕಡಿದಾದ ಬಂಡೆಗಳ ಕಮರಿಯನ್ನು ಹಾದು ಮೇಲಕ್ಕೆ ಹೋದರೆ ಕಡಲಿನ ಉಬ್ಬರ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿನ ತೊಂದರೆ ಬೇರೆ ಬಗೆಯದು, ಮುಖ್ಯವಾಗಿ ಸೆಕೆ.

ಗ್ರೆನಡಾದ ದಕ್ಷಿಣ ಕರಾವಳಿಯ ಕೊಲ್ಲಿಗಳು ನನಗೆ ಹೆಚ್ಚು ಪರಿಚಿತ: ಪ್ರಿಕ್ಲಿ ಬೇ, ಮೌಂಟ್ ಹಾರ್ಟ್‌ಮನ್, ಹಾಗ್ ಐಲ್ಯಾಂಡ್, ಕ್ಲಾರ್ಕ್ಸ್ ಕೋರ್ಟ್, ಅದರಾಚೆ ನಾಲ್ಕೂ ಕಡೆ ಗುಡ್ಡ ಸುತ್ತಿಕೊಂಡ ಪೋರ್ಟ್ ಎಗ್ಮಂಟ್. ದ್ವೀಪ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. 1955ರ ಜ್ಯಾನೆಟ್ ಬಿಟ್ಟರೆ ದೊಡ್ಡ ಹೊಡೆತದ ನೆನಪು ಹೆಚ್ಚಿನವರಿಗೆ ಇರಲಿಲ್ಲ, ಆದ್ದರಿಂದ ಗ್ರೆನಡಾ ಹರಿಕೇನ್ ಪಟ್ಟಿಯ ಹೊರಗಿದೆಯೆಂಬ ಮಾತು ದೋಣಿಗರ ನಡುವೆ ಸಿದ್ಧಾಂತದಷ್ಟೇ ಗಟ್ಟಿಯಾಗಿತ್ತು. ಋತುವಿನಲ್ಲಿ ದೋಣಿ 12 ಡಿಗ್ರಿ 40 ಮಿನಿಟಿನ ದಕ್ಷಿಣಕ್ಕೆ ಇರಬೇಕೆಂಬ ಷರತ್ತು ವಿಮೆಯ ಪತ್ರಗಳಲ್ಲಿ ಕಾಣಿಸುತ್ತಿತ್ತು. ಗ್ರೆನಡಾ ಆ ಗೆರೆಯ ಒಳಗೇ ಬರುತ್ತದೆ. 2004ರ ಸೆಪ್ಟೆಂಬರ್ 7ರಂದು ಐವನ್ ಆ ನಂಬಿಕೆಯನ್ನು ಕೊನೆಗಾಣಿಸಿತು. ದ್ವೀಪದಲ್ಲಿ 39 ಮಂದಿ ಸತ್ತರು, ಹತ್ತರಲ್ಲಿ ಒಂಬತ್ತು ಮನೆಗಳಿಗೆ ಹಾನಿಯಾಯಿತು, ಜಾಯಿಕಾಯಿ ತೋಟಗಳು ನೆಲಸಮವಾದವು. ಸುರಕ್ಷಿತವೆಂದು ದಡಕ್ಕೆತ್ತಿ ಕಬ್ಬಿಣದ ಆಧಾರಗಳ ಮೇಲೆ ಸಾಲಾಗಿ ನಿಲ್ಲಿಸಿದ್ದ ದೋಣಿಗಳು ಒಂದರ ಮೇಲೊಂದು ಉರುಳಿದವು. ಮರುವರ್ಷದ ಜುಲೈಯಲ್ಲಿ ಎಮಿಲಿ ಮತ್ತೆ ಬಂತು. ಆ ಮೇಲೆ ಕೆಲವು ವಿಮೆಗಳು ಗೆರೆಯನ್ನು ಇನ್ನೂ ದಕ್ಷಿಣಕ್ಕೆ ಸರಿಸಿದವು. ಟ್ರಿನಿಡಾಡ್‌ನ ಚಾಗ್ವಾರಾಮಾಸ್ ಬಂದರು ಸುಮಾರು 10 ಡಿಗ್ರಿ 40 ಮಿನಿಟಿನಲ್ಲಿರುವುದರಿಂದ ಬಹಳ ದೋಣಿಗಳು ಅಲ್ಲಿಗೇ ಹೋದವು. ಅದರ ನೆರೆಯ ಟೊಬೇಗೊ ಕೂಡ 1963ರಲ್ಲಿ ಫ್ಲೋರಾದ ಹೊಡೆತಕ್ಕೆ ಸಿಕ್ಕಿತ್ತು ಎಂಬುದನ್ನು ಇಲ್ಲಿ ಸೇರಿಸಬೇಕು.

ನಾನು ಇದರಿಂದ ಹೇಳಬಯಸುವುದು ಇಷ್ಟು: ಅಕ್ಷಾಂಶದ ಗೆರೆ ವಿಮೆಯವರಿಗೆ ಅಪಾಯದ ಲೆಕ್ಕ ಹಾಕಲು ಬೇಕು, ಗಾಳಿಗೆ ಅದು ಬೇಲಿಯಲ್ಲ. ಎಲ್ಲಿ ಹರಿಕೇನ್ ಬರುವುದೇ ಇಲ್ಲವೆಂದು ಹುಡುಕುವುದಕ್ಕಿಂತ, ಬರುವ ಸಂಭವ ಕಡಿಮೆಯಿರುವ ಕಡೆ ಇದ್ದುಕೊಂಡು, ಬಂದರೆ ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಸರಿಯಲು ಜಾಗವಿದೆಯೇ ಎಂದು ಕೇಳಿಕೊಳ್ಳಬೇಕು. ಗ್ರೆನಡಾದಿಂದ ಟ್ರಿನಿಡಾಡ್‌ಗೆ ಸುಮಾರು 80 ಮೈಲಿ, ಅಂದರೆ ಒಂದು ರಾತ್ರಿಯ ಪಯಣ. ಒಂದು ರಾತ್ರಿಯ ದೂರದಲ್ಲಿ ಇನ್ನೊಂದು ಆಶ್ರಯವಿದೆ ಎನ್ನುವುದೇ ಗ್ರೆನಡಾದ ನಿಜವಾದ ಬಲವೆಂದು ನಾನು ಎಣಿಸುತ್ತೇನೆ.

ಋತುವಿನ ದಿನಚರಿ ಮುನ್ಸೂಚನೆಯಿಂದ ಆರಂಭವಾಗುತ್ತದೆ. ಮಯಾಮಿಯಲ್ಲಿರುವ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರವು ಸಕ್ರಿಯವಾದ ಪ್ರತಿ ಬಿರುಗಾಳಿಯ ಬಗ್ಗೆ ಆರು ಗಂಟೆಗೊಮ್ಮೆ ಪ್ರಕಟಣೆ ಹೊರಡಿಸುತ್ತದೆ. ಪೂರ್ವ ಕೆರಿಬಿಯನ್‌ನ ಗಡಿಯಾರದಲ್ಲಿ ಅದು ಬೆಳಗಿನ 5, 11, ಸಂಜೆ 5, ರಾತ್ರಿ 11. ಆಗಸ್ಟ್ ಬಂತೆಂದರೆ ಲಂಗರು ಹಾಕಿದ ಕೊಲ್ಲಿಯಲ್ಲಿ ಬೆಳಗಿನ ಜಾವವೇ ಒಂದೊಂದಾಗಿ ದೀಪಗಳು ಹೊತ್ತಿಕೊಳ್ಳುವುದನ್ನು ಕಾಣಬಹುದು. ಎಲ್ಲರೂ ಐದು ಗಂಟೆಯ ನಕ್ಷೆಯನ್ನೇ ನೋಡುತ್ತಿರುತ್ತಾರೆ. ಆ ನಕ್ಷೆಯಲ್ಲಿ ಬಿಳಿಯ ಶಂಕುವೊಂದು ಇರುತ್ತದೆ. ಅದನ್ನು ಹಲವರು ತಪ್ಪಾಗಿ ಓದುತ್ತಾರೆ. ಬಿರುಗಾಳಿಯ ಕೇಂದ್ರಬಿಂದು ಸುಮಾರು ಮೂರರಲ್ಲಿ ಎರಡು ಬಾರಿ ಆ ಶಂಕುವಿನ ಒಳಗೆ ಉಳಿಯುತ್ತದೆ ಎಂದಷ್ಟೇ ಅದರ ಅರ್ಥ. ಮೂರರಲ್ಲಿ ಒಂದು ಬಾರಿ ಕೇಂದ್ರವೇ ಹೊರಗೆ ಹೋಗುತ್ತದೆ, ಮತ್ತು ಗಾಳಿಯ ವ್ಯಾಪ್ತಿಗೂ ಶಂಕುವಿನ ಅಗಲಕ್ಕೂ ಸಂಬಂಧವೇ ಇಲ್ಲ. ಶಂಕುವಿನ ಅಂಚಿನಿಂದ ಇಪ್ಪತ್ತು ಮೈಲಿ ಆಚೆಗಿದ್ದೇನೆಂದು ಸಮಾಧಾನಪಟ್ಟುಕೊಳ್ಳುವವರು ನಕ್ಷೆ ಹೇಳದಿರುವ ಮಾತನ್ನು ಅದರ ಬಾಯಿಗೆ ಹಾಕುತ್ತಿರುತ್ತಾರೆ. ನಾವಿಕರ ಹಳೆಯ ಸೂತ್ರ ಇದಕ್ಕಿಂತ ಕಟ್ಟುನಿಟ್ಟು: ಮುನ್ಸೂಚನೆಯಲ್ಲಿ ಒಂದು ದಿನಕ್ಕೆ 100 ಮೈಲಿ, ಎರಡು ದಿನಕ್ಕೆ 200, ಮೂರು ದಿನಕ್ಕೆ 300 ಮೈಲಿ ತಪ್ಪು ಇರಬಹುದೆಂದು ಎಣಿಸಿ, ಬಿರುಗಾಳಿಯ ವ್ಯಾಪ್ತಿಗೆ ಅದನ್ನೂ ಸೇರಿಸಿ ದೂರ ಉಳಿಯಬೇಕು. ಇಂದಿನ ಮುನ್ಸೂಚನೆ ಆ ಕಾಲಕ್ಕಿಂತ ಎಷ್ಟೋ ನಿಖರ. ಆದರೂ ಸಣ್ಣ ದೋಣಿಯಲ್ಲಿರುವವರು ಆ ಸೂತ್ರವನ್ನೇ ಹಿಡಿಯುವುದು ಒಳ್ಳೆಯದು.

ದಾರಿಯ ಮುನ್ಸೂಚನೆ ಸುಧಾರಿಸಿದಷ್ಟು ಬಲದ ಮುನ್ಸೂಚನೆ ಸುಧಾರಿಸಿಲ್ಲ. 2017ರ ಸೆಪ್ಟೆಂಬರ್ 17ರ ರಾತ್ರಿ ಮಾರಿಯಾ ಮೊದಲನೇ ದರ್ಜೆಯ ಹರಿಕೇನ್ ಆಗಿತ್ತು. 18ರ ರಾತ್ರಿ ಡೊಮಿನಿಕಾ ದ್ವೀಪವನ್ನು ಅದು ಮುಟ್ಟಿದಾಗ ಐದನೇ ದರ್ಜೆ. ಬೆರಿಲ್ ಜೂನ್ 28ರಂದು ಬರಿಯ ವಾಯುಭಾರ ಕುಸಿತವಾಗಿದ್ದದ್ದು 30ರಂದು ನಾಲ್ಕನೇ ದರ್ಜೆಗೇರಿತ್ತು. ಮೊದಲನೇ ದರ್ಜೆಯದ್ದಾದರೆ ಇಲ್ಲೇ ಇರುತ್ತೇನೆ, ಮೂರನೆಯದಾದರೆ ಹೋಗುತ್ತೇನೆ ಎಂಬ ಬಗೆಯ ಯೋಜನೆ ಇಂಥ ಕಡೆ ನೆಲ ಕಚ್ಚುತ್ತದೆ, ಏಕೆಂದರೆ ಅದು ಮೂರನೆಯದಾಗಿದೆಯೆಂದು ತಿಳಿಯುವ ಹೊತ್ತಿಗೆ ಹೋಗಲು ಸಮಯ ಉಳಿದಿರುವುದಿಲ್ಲ.

ಇಲ್ಲಿ ಒಬ್ಬ ವ್ಯಕ್ತಿಯನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಉಪಗ್ರಹ, ರೇಡಿಯೊ ಎರಡೂ ಇಲ್ಲದ ಕಾಲದಲ್ಲಿ, 1870ರಲ್ಲಿ, ಬೆನಿಟೊ ವಿನ್ಯೆಸ್ ಎಂಬ ಜೆಸ್ಯೂಟ್ ಪಾದ್ರಿ ಹವಾನಾದ ಬೆಲೆನ್ ಕಾಲೇಜಿನ ವೀಕ್ಷಣಾಲಯದ ಮುಖ್ಯಸ್ಥರಾಗಿ ಬಂದರು. ಅವರು ದಿನವೂ ಬಿಡದೆ ವಾಯುಭಾರ, ಗಾಳಿಯ ದಿಕ್ಕು, ಎತ್ತರದ ಮೋಡಗಳ ಚಲನೆಗಳನ್ನು ಬರೆದಿಟ್ಟುಕೊಂಡರು. ಬಿರುಗಾಳಿ ಇನ್ನೂ ನೂರಾರು ಮೈಲಿ ದೂರವಿರುವಾಗಲೇ ಎಳೆ ಎಳೆಯಾದ ಬಿಳಿ ಮೋಡಗಳು ದಿಗಂತದ ಒಂದು ಬಿಂದುವಿನಿಂದ ಹೊರಟಂತೆ ಹರಡಿಕೊಳ್ಳುತ್ತವೆಂಬುದನ್ನೂ, ಆ ಬಿಂದು ಸರಿಯುವ ದಿಕ್ಕಿನಿಂದ ಬಿರುಗಾಳಿಯ ದಾರಿಯನ್ನು ಊಹಿಸಬಹುದೆಂಬುದನ್ನೂ ಅವರು ಕಂಡುಕೊಂಡರು. 1875ರ ಸೆಪ್ಟೆಂಬರ್ 11ರಂದು ಹವಾನಾದ ಪತ್ರಿಕೆಯಲ್ಲಿ ಪ್ರಕಟವಾದ ಅವರ ಮುನ್ಸೂಚನೆಯನ್ನು ಹರಿಕೇನ್ ಕುರಿತ ಮೊದಲ ಮುನ್ಸೂಚನೆಯೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅದಕ್ಕೆ ಮೊದಲು ಈ ಸಮುದ್ರದ ಜನರಿಗೆ ಎಚ್ಚರಿಕೆಯೆಂಬುದೇ ಇರಲಿಲ್ಲ. 1780ರ ಅಕ್ಟೋಬರ್‌ನ ಮಹಾ ಹರಿಕೇನ್ ಬಾರ್ಬಡೋಸ್, ಮಾರ್ಟಿನಿಕ್, ಸಿಂಟ್ ಯುಸ್ಟೇಷಿಯಸ್ ದ್ವೀಪಗಳಲ್ಲಿ ಸುಮಾರು 22,000 ಜನರನ್ನು ಬಲಿ ತೆಗೆದುಕೊಂಡಿತ್ತು. ಬೆಳಿಗ್ಗೆ ಐದಕ್ಕೆ ನಕ್ಷೆ ತೆರೆಯುವಾಗ ಈ ಸಂಗತಿ ನನ್ನ ಮನಸ್ಸಿನಲ್ಲಿರುತ್ತದೆ.

ವಿನ್ಯೆಸ್ ನೆಚ್ಚಿಕೊಂಡಿದ್ದ ವಾಯುಭಾರಮಾಪಕ ಇಂದೂ ದೋಣಿಯ ಗೋಡೆಯ ಮೇಲಿದೆ. ಉಷ್ಣವಲಯದಲ್ಲಿ ಅದರ ಮುಳ್ಳು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ: ಹತ್ತು ಗಂಟೆಯ ಹೊತ್ತಿಗೆ ಎತ್ತರ, ನಾಲ್ಕರ ಹೊತ್ತಿಗೆ ತಗ್ಗು, ಹಗಲಿನಲ್ಲೂ ಇರುಳಿನಲ್ಲೂ ಹಾಗೆಯೇ, ವ್ಯತ್ಯಾಸ ಸುಮಾರು ಮೂರು ಮಿಲಿಬಾರ್. ಹೊಸಬರು ಮಧ್ಯಾಹ್ನದ ಇಳಿತವನ್ನು ಕಂಡು ಗಾಬರಿಯಾಗುತ್ತಾರೆ. ವಾರಗಟ್ಟಲೆ ಅದನ್ನು ಬರೆದಿಟ್ಟವರಿಗೆ ಮಾತ್ರ, ಬೆಳಗಿನ ಹತ್ತು ಗಂಟೆಗೆ ಏರಬೇಕಾಗಿದ್ದ ಮುಳ್ಳು ಏರಲಿಲ್ಲ ಎಂಬ ಸಣ್ಣ ಸಂಗತಿಯ ಅರ್ಥ ಹೊಳೆಯುತ್ತದೆ. ಇಂಟರ್ನೆಟ್ ಕೈಕೊಟ್ಟ ದಿನ ಉಳಿಯುವ ತಿಳಿವಳಿಕೆ ಇದೊಂದೇ.

ಹೊರಟು ಹೋಗಲಾಗದೆ, ಅಥವಾ ಇದ್ದಲ್ಲೇ ಎದುರಿಸುವುದೆಂದು ತೀರ್ಮಾನಿಸಿದಾಗ, ಮುಂದಿನ ಪ್ರಶ್ನೆ ಆಶ್ರಯದ ಕೊಲ್ಲಿಯದು. ಗುಡ್ಡ ಸುತ್ತಿದ, ಬಾಯಿ ಕಿರಿದಾದ, ತಳದಲ್ಲಿ ಒಳ್ಳೆಯ ಕೆಸರಿರುವ, ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಬೆಳೆದ ಜಾಗ ಉತ್ತಮವೆಂಬುದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದೇ ಅದರ ದೋಷ. 1989ರಲ್ಲಿ ಹ್ಯೂಗೊ ಬಂದಾಗ ಸುತ್ತಲಿನ ದ್ವೀಪಗಳ ನೂರಾರು ದೋಣಿಗಳು ಪೋರ್ಟೊ ರಿಕೊ ಬಳಿಯ ಕುಲೆಬ್ರಾ ದ್ವೀಪದ ಎನ್ಸೆನಾಡಾ ಓಂಡಾ ಕೊಲ್ಲಿಯಲ್ಲಿ ಸೇರಿದ್ದವು. ಬಹುಪಾಲು ಅಲ್ಲಿಯೇ ಒಡೆದವು. 1995ರಲ್ಲಿ ಲೂಯಿಸ್ ಬಂದಾಗ ಸೇಂಟ್ ಮಾರ್ಟಿನ್‌ನ ಸಿಂಪ್ಸನ್ ಬೇ ಲಗೂನ್‌ನಲ್ಲಿ ಸಾವಿರಕ್ಕೂ ಹೆಚ್ಚು ದೋಣಿಗಳು ಮುಳುಗಿದವು ಇಲ್ಲವೆ ದಡಕ್ಕೆ ಬಿದ್ದವು. 2017ರ ಇರ್ಮಾ ಟೋರ್ಟೋಲಾ ದ್ವೀಪದ ಪ್ಯಾರಾಕೀಟಾ ಬೇಯಲ್ಲಿ ಬಾಡಿಗೆ ದೋಣಿಗಳ ದೊಡ್ಡ ಪಡೆಯನ್ನೇ ಒಂದು ಮೂಲೆಗೆ ರಾಶಿ ಹಾಕಿತು. ಬೆರಿಲ್ ಬಂದಾಗ ಕ್ಯಾರಿಯಕೂವಿನ ಟಿರೆಲ್ ಬೇ ಪಕ್ಕದ ಕಾಂಡ್ಲಾ ಕಾಡಿನೊಳಗೆ ಕಟ್ಟಿದ್ದ ದೋಣಿಗಳಲ್ಲಿ ಬಹಳಷ್ಟು ನಾಶವಾದವು. ಈ ಎಲ್ಲ ಕಡೆಗಳಲ್ಲಿ ಚೆನ್ನಾಗಿ ಕಟ್ಟಿದ ದೋಣಿಗಳೂ ಇದ್ದವು. ಅವುಗಳ ಮೇಲೆ ಸರಿಯಾಗಿ ಕಟ್ಟದ ದೋಣಿಗಳು ಬಂದು ಬಿದ್ದವು. ಯಾರೂ ಇಲ್ಲದ, ಹಾಯಿಗಳನ್ನು ಇಳಿಸದೆ ಬಿಟ್ಟುಹೋದ ಒಂದು ದೋಣಿ ಗಾಳಿಯ ಮೇಲುಗಡೆ ಇದ್ದರೆ, ಅದರ ಕೆಳಗಿರುವ ಹತ್ತು ದೋಣಿಗಳ ಸಿದ್ಧತೆ ವ್ಯರ್ಥ. ಹಾಗಾಗಿ ಕೊಲ್ಲಿಯನ್ನು ಹೊಗುವಾಗ ಗುಡ್ಡವನ್ನೂ ತಳವನ್ನೂ ನೋಡುವಷ್ಟೇ ಎಚ್ಚರದಿಂದ ನೆರೆಯವರನ್ನು ನೋಡಬೇಕು.

ಕಾಂಡ್ಲಾ ಕಾಡಿನಲ್ಲಿ ದೋಣಿ ಕಟ್ಟುವ ವಿಧಾನವನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು. ದೋಣಿಯ ಮೂತಿ ಬಾಯಿಯ ಕಡೆಗೋ ಹೆಚ್ಚು ಗಾಳಿ ಬರಬಹುದಾದ ಕಡೆಗೋ ಇರುವಂತೆ ತಿರುಗಿಸಿ, ಎರಡು ಮೂರು ಲಂಗರುಗಳನ್ನು ಅತ್ತ ಇಳಿಸಿ, ಹಿಂಬದಿಯನ್ನು ಬೇರುಗಳ ಹತ್ತಿರಕ್ಕೆ ತರುತ್ತಾರೆ. ಆ ಮೇಲೆ ಡಿಂಗಿ ಎಂಬ ಪುಟ್ಟ ದೋಣಿಯಲ್ಲಿ ಒಬ್ಬರು ಹಗ್ಗ ಹಿಡಿದು ಮರಗಳ ಒಳಕ್ಕೆ ಹೋಗುತ್ತಾರೆ. ಸೊಳ್ಳೆಯ ಮೋಡ, ಸೊಂಟದವರೆಗೆ ಕೆಸರು, ಸಿಂಪಿ ಅಂಟಿದ ಬೇರುಗಳ ಚೂಪು ಅಂಚು. ಒಂದೇ ಮರಕ್ಕೆ ಕಟ್ಟಬಾರದು. ಹಲವು ಬೊಡ್ಡೆಗಳ ಬುಡವನ್ನು ಸುತ್ತಿಸಿ, ತೊಗಟೆ ಕೊಯ್ಯದಂತೆ ಅಗಲವಾದ ಪಟ್ಟಿ ಹಾಕಿ, ಹಗ್ಗವನ್ನು ಮತ್ತೆ ದೋಣಿಗೆ ತರಬೇಕು. ಹೀಗೆ ಎಲ್ಲ ದಿಕ್ಕಿಗೂ ಹತ್ತು ಹದಿನೈದು ಹಗ್ಗ ಹೋದಾಗ ದೋಣಿ ಜೇಡರ ಬಲೆಯ ನಡುವಿನಲ್ಲಿ ಕುಳಿತಂತೆ ಇರುತ್ತದೆ. ಕಡಲು ಒಂದೆರಡು ಮೀಟರ್ ಉಬ್ಬಿದರೂ ಹಗ್ಗಗಳು ದೋಣಿಯನ್ನು ಕೆಳಗೆ ಜಗ್ಗಿ ಹಿಡಿಯದಷ್ಟು ಉದ್ದ ಬಿಡಬೇಕು. ಹಲವು ಕಡೆ ಈ ಕಾಡುಗಳು ಸಂರಕ್ಷಿತ. ಕ್ಯಾರಿಯಕೂವಿನಲ್ಲಿ ಬಿರುಗಾಳಿಯ ಎಚ್ಚರಿಕೆಯಿದ್ದಾಗ ಮಾತ್ರ ದೋಣಿಗಳಿಗೆ ಒಳಗೆ ಪ್ರವೇಶ. ಈ ನಿಯಮವನ್ನು ಗೌರವಿಸುವುದು ನಮ್ಮದೇ ಹಿತಕ್ಕೆ, ಏಕೆಂದರೆ ಕಡಿದು ಹಾಳು ಮಾಡಿದ ಕಾಂಡ್ಲಾ ಮುಂದಿನ ಬಾರಿ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ.

ದೋಣಿಯ ಮೇಲಿರುವ ಪ್ರತಿಯೊಂದು ವಸ್ತುವೂ ಗಾಳಿಗೆ ಹಿಡಿಕೆ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 30 ನಾಟ್ (ಗಂಟೆಗೆ 30 ನಾಟಿಕಲ್ ಮೈಲಿ) ಗಾಳಿಗಿಂತ 60 ನಾಟ್‌ನದು ನಾಲ್ಕು ಪಟ್ಟು, 120 ನಾಟ್‌ನದು ಹದಿನಾರು ಪಟ್ಟು. ಆದ್ದರಿಂದ ಹಾಯಿಗಳನ್ನೆಲ್ಲ ಇಳಿಸಿ ಮಡಿಸಿ ಒಳಗಿಡಬೇಕು, ಬಿಸಿಲಿನ ಮೇಲ್ಕಟ್ಟು, ಸೌರಫಲಕ, ಇಂಧನದ ಡಬ್ಬಿ, ಡಿಂಗಿ ಯಾವುದೂ ಮೇಲೆ ಉಳಿಯಬಾರದು. ಮುಂದಿನ ಹಾಯಿಯನ್ನು ಸುರುಳಿ ಸುತ್ತಿ ಗಟ್ಟಿಯಾಗಿ ಕಟ್ಟಿದರೆ ಸಾಕೆಂದು ಎಷ್ಟೋ ಜನ ಬಿಡುತ್ತಾರೆ. ಹರಿಕೇನ್ ಅದರ ತುದಿಯೊಂದನ್ನು ಬಿಚ್ಚಿದರೆ ಸಾಕು, ಇಡೀ ಹಾಯಿ ಉಬ್ಬಿ ದೋಣಿಯನ್ನು ಲಂಗರಿನಿಂದ ಕಿತ್ತೊಯ್ಯುತ್ತದೆ. ಅದನ್ನು ಗಾಳಿಯಿಲ್ಲದ ಬೆಳಗಿನಲ್ಲಿ ಹದಿನೈದು ನಿಮಿಷದಲ್ಲಿ ಇಳಿಸಬಹುದು. 25 ನಾಟ್ ಗಾಳಿ ಎದ್ದ ಮೇಲೆ ಇಳಿಸುವುದು ಅಸಾಧ್ಯಕ್ಕೆ ಹತ್ತಿರ. ಬೇಗ ತೀರ್ಮಾನಿಸಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಣ್ಣ ಜಾಗದ ಮೇಲೆ ತಮ್ಮ ಗಮನವನ್ನು ನಿಲ್ಲಿಸಲು ಬಯಸುತ್ತೇನೆ. ಹಗ್ಗವು ದೋಣಿಯ ಅಂಚನ್ನು ದಾಟುವಲ್ಲಿ ಲೋಹದ ಒಂದು ಕಂಡಿಯಿರುತ್ತದೆ. ನೈಲಾನ್ ಹಗ್ಗ ಹಿಗ್ಗುತ್ತದೆ, ಆ ಹಿಗ್ಗುವ ಗುಣವೇ ಎಳೆತದ ಏಟನ್ನು ನುಂಗಿಕೊಂಡು ಲಂಗರನ್ನು ಕಾಪಾಡುತ್ತದೆ. ಆದರೆ ಹಿಗ್ಗಿ ಕುಗ್ಗುವ ಪ್ರತಿ ಸಾರಿಯೂ ಆ ಕಂಡಿಯಲ್ಲಿ ಅದು ಉಜ್ಜುತ್ತದೆ, ಒಳಗಿನ ಎಳೆಗಳು ಒಂದಕ್ಕೊಂದು ತಿಕ್ಕಿ ಬಿಸಿಯಾಗುತ್ತವೆ. ಹೊರಗೆ ಸುತ್ತಿದ ರಕ್ಷಾಕವಚ ಮಳೆನೀರನ್ನು ಒಳಗೆ ಬಿಡದಂಥದ್ದಾದರೆ ಆ ಬಿಸಿ ಅಲ್ಲಿಯೇ ಉಳಿದು ಎಳೆಗಳು ಕರಗಿ ಅಂಟಿಕೊಳ್ಳುತ್ತವೆ. ಬಿರುಗಾಳಿಯ ನಂತರ ತುಂಡಾದ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಉಜ್ಜಿ ಹರಿದದ್ದು ಜುಂಗು ಜುಂಗಾಗಿರುತ್ತದೆ, ಬಿಸಿಗೆ ಹೋದದ್ದು ಗಟ್ಟಿಯಾಗಿ, ನಯವಾಗಿ ಗಾಜಿನಂತೆ ಹೊಳೆಯುತ್ತದೆ. ಆದ್ದರಿಂದ ಕಂಡಿಯನ್ನು ದಾಟುವ ತುಂಡನ್ನು ಹಿಗ್ಗದ ಪಾಲಿಯೆಸ್ಟರ್‌ನಿಂದ ಮಾಡಿ, ಅದರಾಚೆಗೆ ನೈಲಾನ್ ಜೋಡಿಸಿ, ಮೇಲೆ ನೀರು ಇಳಿಯುವಂಥ ಬಟ್ಟೆಯ ಕವಚ ಹಾಕುವುದು ಒಳ್ಳೆಯದು. ಸಾವಿರಾರು ಡಾಲರ್‌ನ ಲಂಗರು ಸರಪಳಿಗಳನ್ನು ಕೊಂಡವರ ದೋಣಿ ಈ ಒಂದು ಗೇಣು ಜಾಗದಲ್ಲಿ ಕೈತಪ್ಪಿ ಹೋಗುವುದನ್ನು ನೋಡಿದರೆ ಬಹಳ ಸಂಕಟವಾಗುತ್ತದೆ.

ದಡಕ್ಕೆತ್ತಿ ಇಡುವುದು ಇನ್ನೊಂದು ದಾರಿ, ನನ್ನ ದೃಷ್ಟಿಯಲ್ಲಿ ಸಾಮಾನ್ಯವಾಗಿ ಮೇಲಾದ ದಾರಿ. ಐವನ್ ನಂತರ ದ್ವೀಪಗಳ ದೋಣಿ ಅಂಗಳಗಳು ಬಹಳ ಕಲಿತಿವೆ: ಬಿಡಿ ಆಧಾರಗಳ ಬದಲು ಬೆಸೆದ ಉಕ್ಕಿನ ತೊಟ್ಟಿಲು, ನೆಲದಲ್ಲಿ ಹೂತ ಕಾಂಕ್ರೀಟಿಗೆ ಬಿಗಿದ ಪಟ್ಟಿಗಳು, ಕೆಲವು ಕಡೆ ಕೀಲ್ ಇಳಿಸಲು ತೋಡಿದ ಗುಂಡಿ. ಹಾಯಿಕಂಬವನ್ನೇ ಕಳಚಿ ಮಲಗಿಸಿದರೆ ಇನ್ನೂ ಒಳ್ಳೆಯದು. ಇಂಥ ಜಾಗಗಳು ತಿಂಗಳುಗಳ ಮೊದಲೇ ಭರ್ತಿಯಾಗುತ್ತವೆ. ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿದರೆ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಬಿರುಗಾಳಿಯ ಹೊತ್ತಿನಲ್ಲಿ ನೀವೆಲ್ಲಿರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ದೋಣಿಯಲ್ಲಿ ಅಲ್ಲ. ಇದನ್ನು ನಾನು ಯಾವ ವಿನಾಯಿತಿಯೂ ಇಲ್ಲದೆ ಹೇಳುತ್ತೇನೆ. ಒಳಗಿದ್ದು ಹಗ್ಗ ಸಡಿಲಿಸುತ್ತೇವೆ, ಎಂಜಿನ್ ನಡೆಸಿ ಲಂಗರಿನ ಭಾರ ಇಳಿಸುತ್ತೇವೆ ಎಂದು ಯೋಚಿಸುವವರಿದ್ದಾರೆ. 100 ನಾಟ್ ಗಾಳಿಯಲ್ಲಿ ಮೇಲೆ ನಿಲ್ಲಲು, ಉಸಿರಾಡಲು, ಕಣ್ಣು ಬಿಡಲು ಆಗುವುದಿಲ್ಲ. ಮಳೆ ಮತ್ತು ಕಡಲಿನ ನೀರು ಒಂದಾಗಿ ಎದುರಿಗಿನ ನೆರೆಯ ದೋಣಿಯೇ ಕಾಣುವುದಿಲ್ಲ. ಅಲ್ಲಿ ನಿಮ್ಮಿಂದ ಆಗುವ ಕೆಲಸ ಯಾವುದೂ ಇಲ್ಲ. ದೋಣಿ ಎಷ್ಟೇ ಪ್ರೀತಿಯದಾದರೂ, ಅದರೊಳಗೆ ಒಬ್ಬರ ಇಡೀ ಉಳಿತಾಯವೇ ಇದ್ದರೂ, ಪಾಸ್‌ಪೋರ್ಟ್, ದೋಣಿಯ ಕಾಗದಪತ್ರ, ಔಷಧ, ಹ್ಯಾಂಡ್‌ಹೆಲ್ಡ್ ರೇಡಿಯೊ, ನಾಲ್ಕು ದಿನದ ನೀರು ಮತ್ತು ಸ್ಥಳೀಯ ಹಣದ ನೋಟುಗಳನ್ನು ಒಂದು ನೀರು ಹೋಗದ ಚೀಲದಲ್ಲಿ ಹಾಕಿಕೊಂಡು ಹಿಂದಿನ ದಿನ ಹಗಲಿನಲ್ಲೇ ದಡದ ಗಟ್ಟಿ ಕಟ್ಟಡಕ್ಕೆ ಹೋಗಬೇಕು. ನೋಟು ಯಾಕೆಂದರೆ, ವಿದ್ಯುತ್ ಹೋದ ದ್ವೀಪದಲ್ಲಿ ಕಾರ್ಡುಗಳು ನಡೆಯುವುದಿಲ್ಲ. ಪೂರ್ವ ಕೆರಿಬಿಯನ್ ಡಾಲರ್ ಎಂಟು ನಾಡುಗಳಲ್ಲಿ ಚಲಾವಣೆಯಲ್ಲಿದೆ, ಒಂದು ಅಮೆರಿಕನ್ ಡಾಲರಿಗೆ 2.70ರಂತೆ 1976ರಿಂದ ಬೆಲೆ ಬದಲಾಗದೆ ನಿಂತಿದೆ, ಆದ್ದರಿಂದ ಅದನ್ನು ಕೂಡಿಟ್ಟುಕೊಂಡರೆ ನಷ್ಟವಿಲ್ಲ.

ಋತುವಿನ ಬಹುಪಾಲು ದಿನಗಳಲ್ಲಿ ಇದಾವುದೂ ನಡೆಯುವುದಿಲ್ಲ ಎಂಬುದನ್ನೂ ತಮಗೆ ಹೇಳದಿದ್ದರೆ ಚಿತ್ರ ಅರ್ಧವಾದೀತು. ನಿತ್ಯದ ಬದುಕು ಸೆಕೆಯದು. ವಾಣಿಜ್ಯ ಮಾರುತ ಸತ್ತ ಸೆಪ್ಟೆಂಬರ್ ದಿನಗಳಲ್ಲಿ ಸಮುದ್ರವೇ 29 ಡಿಗ್ರಿ ಇರುವಾಗ ಒಳಗಿನ ಕೋಣೆ ರಾತ್ರಿಯೂ ತಣಿಯುವುದಿಲ್ಲ. ಸಣ್ಣ ಮಳೆ ಬಂದೊಡನೆ ಕಿಟಕಿಗಳನ್ನೆಲ್ಲ ಮುಚ್ಚಬೇಕು, ನಿಂತೊಡನೆ ತೆರೆಯಬೇಕು, ರಾತ್ರಿಯೊಂದರಲ್ಲಿ ಹಲವು ಸಾರಿ. ಬಟ್ಟೆ, ಪುಸ್ತಕ, ಚರ್ಮ, ಮರ ಎಲ್ಲದಕ್ಕೂ ಬೂಷ್ಟು. ದೋಣಿ ಕದಲದೆ ನಿಂತಿರುವುದರಿಂದ ತಳಕ್ಕೆ ಚಿಪ್ಪುಹುಳು ದಟ್ಟವಾಗಿ ಅಂಟುತ್ತವೆ. ಎಂಜಿನ್ನಿಗೆ ತಂಪುನೀರು ಎಳೆದುಕೊಳ್ಳುವ ತೂತನ್ನೂ ಪ್ರೊಪೆಲರನ್ನೂ ಆಗಾಗ ಮುಳುಗಿ ಕೆರೆಯದಿದ್ದರೆ ಓಡಬೇಕಾದ ದಿನ ಎಂಜಿನ್ ಓಡುವುದಿಲ್ಲ. 2011ರಿಂದೀಚೆಗೆ ಸರ್ಗಾಸಮ್ ಪಾಚಿ ರಾಶಿ ರಾಶಿಯಾಗಿ ಬಂದು ಪೂರ್ವದ ಕೊಲ್ಲಿಗಳಲ್ಲಿ ಕೊಳೆಯುತ್ತದೆ, ಅದರಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನೂ ತಾಮ್ರವನ್ನೂ ಕಪ್ಪಾಗಿಸುತ್ತದೆ. ವಾಯುಭಾರದ ಅಲೆ ಹಾದಾಗಲೆಲ್ಲ ಮಧ್ಯರಾತ್ರಿ 35 ನಾಟ್ ಗಾಳಿಯ ಒಂದು ಹೊಡೆತ ಬಂದು, ಯಾರದಾದರೂ ಲಂಗರು ಜಾರಿ, ಟಾರ್ಚ್ ಬೆಳಕುಗಳು ಕೊಲ್ಲಿಯಲ್ಲೆಲ್ಲ ಓಡಾಡುತ್ತವೆ. ಸಿಡಿಲಿನ ಭಯ ಅನೇಕರಿಗೆ ಹರಿಕೇನ್‌ಗಿಂತ ಹೆಚ್ಚು, ಏಕೆಂದರೆ ಲೋಹದ ಕಂಬ ಹೊತ್ತು ನಿಂತವರಿಗೆ ಅದರಿಂದ ಸರಿದು ಹೋಗಲು ಜಾಗವೇ ಇಲ್ಲ.

ಅದೇ ಮಳೆ ಮೇಲ್ಕಟ್ಟಿನಿಂದ ಇಳಿದು ಟ್ಯಾಂಕುಗಳನ್ನು ತುಂಬಿಸುತ್ತದೆ. ಬೆಳಗಿನ ರೇಡಿಯೊ ಸಭೆಯಲ್ಲಿ ಹವಾಮಾನ ಓದಿದ ಮೇಲೆ ಯಾರಿಗೆ ಯಾವ ಬಿಡಿಭಾಗ ಬೇಕು, ಯಾರ ಮಕ್ಕಳ ಪಾಠ ಎಲ್ಲಿ, ಪೇಟೆಗೆ ವ್ಯಾನ್ ಎಷ್ಟು ಹೊತ್ತಿಗೆ ಎಂಬುದೆಲ್ಲ ನಡೆಯುತ್ತದೆ. ಆರು ತಿಂಗಳು ಒಂದೇ ಕೊಲ್ಲಿಯಲ್ಲಿ ನಿಂತವರಿಗೆ ಊರಿನವರ ಪರಿಚಯವಾಗುತ್ತದೆ, ಆಗಸ್ಟ್‌ನಲ್ಲಿ ಗ್ರೆನಡಾದ ಕಾರ್ನಿವಲ್‌ಗೆ ಹೋಗಿ ಬರುತ್ತಾರೆ. ಬಿರುಗಾಳಿ ಬಂದು ಹೋದ ದಿನ ಈ ಪರಿಚಯಗಳೇ ಕೆಲಸಕ್ಕೆ ಬರುತ್ತವೆ.

ಆ ದಿನದ ಬಗ್ಗೆ ಕೊನೆಯ ಕೆಲವು ಮಾತು. ಬೆರಿಲ್‌ನ ನಂತರ ಕ್ಯಾರಿಯಕೂವಿಗೆ ನೀರು, ಆಹಾರ, ತಾಡಪತ್ರಿ, ಜನರೇಟರ್‌ಗಳನ್ನು ಹೊತ್ತು ಗ್ರೆನಡಾದ ದಕ್ಷಿಣ ಕೊಲ್ಲಿಗಳಿಂದ ಹಾಯಿದೋಣಿಗಳು ಹೊರಟವು. ದೋಣಿಗೆ ತನ್ನದೇ ವಿದ್ಯುತ್ತು, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ, ರೇಡಿಯೊ ಇರುತ್ತವೆ. ತಂತಿಯೂ ಕೊಳಾಯಿಯೂ ಸತ್ತ ದ್ವೀಪದಲ್ಲಿ ಅವು ದೊಡ್ಡ ಆಸ್ತಿ. ದ್ವೀಪದ ಜನ ವರ್ಷಗಟ್ಟಲೆ ನಮಗೆ ಜಾಗ ಕೊಟ್ಟಿರುವುದರಿಂದ ಇದನ್ನು ಉಪಕಾರವೆಂದು ನಾನು ಕರೆಯಲಾರೆ. ನಿಮ್ಮ ದೋಣಿ ಉಳಿದಿದ್ದರೆ, ಎಂಜಿನ್ ಚಾಲೂ ಮಾಡುವ ಮೊದಲು ಮುಳುಗಿ ನೋಡಿ: ಕೊಲ್ಲಿಯ ತುಂಬ ಹರಿದ ಹಗ್ಗ, ಹಾಯಿ, ಬಲೆಗಳು ತೇಲುತ್ತಿರುತ್ತವೆ, ಪ್ರೊಪೆಲರಿಗೆ ಒಂದು ಸುತ್ತಿಕೊಂಡರೆ ಬಿರುಗಾಳಿಯಲ್ಲಿ ಉಳಿದ ದೋಣಿ ಬಿಸಿಲಿನಲ್ಲಿ ಬಂಡೆಗೆ ಹೋಗುತ್ತದೆ. ಸವೆದ ಹಗ್ಗಗಳನ್ನು ಬೇರೆ ಮಾಡಿ, ಚೆನ್ನಾಗಿರುವವನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಮೊದಲಿದ್ದ ಕ್ರಮದಲ್ಲೇ ಸುರುಳಿ ಸುತ್ತಿ ಕೈಗೆ ಸಿಗುವ ಕಡೆ ಇಡಿ. ಬಂದದ್ದು ಸೆಪ್ಟೆಂಬರ್‌ನದಾದರೆ ಋತು ಮುಗಿಯಲು ಇನ್ನೂ ಎರಡು ತಿಂಗಳಿರುತ್ತದೆ, ಮತ್ತು ಆಫ್ರಿಕಾದ ದಡದಿಂದ ಮುಂದಿನ ಅಲೆ ಆಗಲೇ ಹೊರಟಿರುತ್ತದೆ.